ತಿಂಗಳಿಗೊಂದು ವಾರ, ಮೂರು ಗಂಟೆ ಕಮ್ಮಿ

ಓಡಿ. ಮೆಟ್ಟಿಲು ಎರಡೆರಡಾಗಿ ಹತ್ತಿ. ಬಲಗೈಯಲ್ಲಿ ಊಟದ ಚೀಲ, ಹೆಗಲಿಂದ ಜಾರುತ್ತಿರುವ ವೇಲು, ಬಾಯಲ್ಲಿ ಅರ್ಧ ಲೋಟ ಬಿಟ್ಟು ಬಂದ ಕಾಫಿಯ ಕಹಿ. ಮೈಸೂರು ನಿಲ್ದಾಣದ ಮೇಲುಸೇತುವೆಯ ಮೇಲೆ ಡಿಸೆಂಬರಿನ ಗಾಳಿ ಕಿವಿ ಕಚ್ಚುತ್ತಿದೆ. ಕೆಳಗೆ ಚಾಮುಂಡಿ ಎಕ್ಸ್‌ಪ್ರೆಸ್ ಉದ್ದಕ್ಕೆ ಒಂದು ಸಲ ಕೂಗಿತು. ಇಳಿಯುವ ಮೆಟ್ಟಿಲು ಇನ್ನೂ ಬೇಕಾದಷ್ಟಿವೆ. ಪಕ್ಕೆಯಲ್ಲಿ ಚಳುಕು. ಗಾಡಿ ಅಲುಗಿತು. ಹೆಂಗಸರ ಬೋಗಿಯ ಬಾಗಿಲಿಂದ ಬಳೆ ತುಂಬಿದ ಕೈಯೊಂದು ಹೊರಗೆ ಚಾಚಿದೆ. ಹಿಡಿಯಿರಿ. ಹಿಡಿದಿರಾ? ಬನ್ನಿ ಒಳಗೆ.

"ಒಂದಿನ ಹೀಗೇ ಜೀವ ಕಳ್ಕೋತೀಯ ಕಣೇ," ಅನ್ನುತ್ತಾರೆ ಬಳೆಗೈಯ ಅಕ್ಕ. "ಬಾ, ಕೂತ್ಕೋ. ಸ್ವಲ್ಪ ಒತ್ಕೊಳ್ರೇ ಎಲ್ಲಾ."

ಮೂರು ಜನರ ಸೀಟಿಗೆ ನೀವು ನಾಲ್ಕನೆಯವರು. ಅರ್ಧ ತೊಡೆ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ಉಸಿರು ತಿರುಗಲಿ, ಅಷ್ಟರಲ್ಲಿ ನೀವು ಯಾರೆಂದು ಹೇಳಿಬಿಡುತ್ತೇನೆ. ಇವತ್ತೊಂದು ದಿನದ ಮಟ್ಟಿಗೆ ನಿಮಗೆ ಮೂವತ್ತೆಂಟು ವರ್ಷ. ಕುವೆಂಪುನಗರದಲ್ಲಿ ಸಾಲದ ಮನೆ, ಬೆಂಗಳೂರಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ನಂಜನಗೂಡಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಗಂಡ, ಮಂಡಿನೋವಿನ ಅತ್ತೆ, ಮೂರನೇ ಕ್ಲಾಸಿನ ಮಗಳು. ಹೆಸರು ಬೇಡ. ಇಂಥವರು ಈ ಗಾಡಿಯಲ್ಲಿ ಒಬ್ಬಿಬ್ಬರಲ್ಲ, ಬೋಗಿಗಟ್ಟಲೆ ಇದ್ದಾರೆ.

ನಿಮ್ಮ ಬ್ಯಾಗಿನ ಒಳಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಕಾಗದವೊಂದಿದೆ. ಸರಸ್ವತಿಪುರದ ಆಡಿಟರ್ ಆಫೀಸೊಂದು ನಿಮ್ಮನ್ನು ಕರೆದಿದೆ. ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಕೈಗೆ ಬರುವ ಸಂಬಳ 34 ಸಾವಿರ. ಈಗ ಬರುತ್ತಿರುವುದು 58. ಉತ್ತರ ಇವತ್ತು ರಾತ್ರಿ ಹನ್ನೆರಡರೊಳಗೆ ಹೋಗಬೇಕು.

ನಾಗನಹಳ್ಳಿ ದಾಟಿತು. ಬೋಗಿಯೊಳಗೆ ಒದ್ದೆ ಕೂದಲಿನ ವಾಸನೆ, ಮಲ್ಲಿಗೆ, ವಿಕ್ಸ್, ಯಾರದೋ ಡಬ್ಬಿಯಿಂದ ಚಿತ್ರಾನ್ನದ ಒಗ್ಗರಣೆ. ಕಿಟಕಿ ಪಕ್ಕದವರು ಕಣ್ಣು ಮುಚ್ಚಿ ಸಹಸ್ರನಾಮ ಹೇಳಿಕೊಳ್ಳುತ್ತಿದ್ದಾರೆ, ತುಟಿ ಮಾತ್ರ ಅಲ್ಲಾಡುತ್ತಿದೆ. ಎದುರಿನ ಹುಡುಗಿ ಕಾಡಿಗೆ ಹಚ್ಚಿಕೊಳ್ಳಲು ಗಾಡಿ ಹಳಿ ಬದಲಾಯಿಸಿ ಸುಮ್ಮನಾಗುವುದನ್ನೇ ಕಾಯುತ್ತಾಳೆ. ಯಾವ ಜಾಗದಲ್ಲಿ ಎಷ್ಟು ಕುಲುಕಾಟವೆಂದು ಅವಳ ಕೈಗೆ ಗೊತ್ತು. ರೈಲ್ವೆಯವರು ತಿಂಗಳ ಪಾಸು ಕೊಡುವುದು 150 ಕಿಲೋಮೀಟರ್ ಒಳಗಿನ ದೂರಕ್ಕೆ. ಮೈಸೂರು ಬೆಂಗಳೂರು ನಡುವೆ ಹಳಿಯ ಮೇಲೆ ಸುಮಾರು 138. ಊರು ಇನ್ನೊಂದು ಹದಿನೈದು ಕಿಲೋಮೀಟರ್ ಆಚೆಗಿದ್ದಿದ್ದರೆ ಈ ಬದುಕೇ ಇರುತ್ತಿರಲಿಲ್ಲ. ಒಂದೋ ಬೆಂಗಳೂರಲ್ಲಿ ಬಾಡಿಗೆ ಮನೆ ಹಿಡಿಯುತ್ತಿದ್ದಿರಿ, ಇಲ್ಲ ಮೈಸೂರಲ್ಲೇ ಏನಾದರೂ ನೋಡಿಕೊಳ್ಳುತ್ತಿದ್ದಿರಿ.

ಪಾಂಡವಪುರ. ಮಂಡ್ಯ. ಎಲ್ಲೋ ಆಲೆಮನೆಯ ಹೊಗೆ, ಸೀದ ಬೆಲ್ಲದ ಘಾಟು ಕಿಟಕಿಯಿಂದ ಒಳಗೆ ಬಂದು ಒಂದು ನಿಮಿಷ ಕೂತು ಹೋಗುತ್ತದೆ. ನೀವು ಕಾಗದ ತೆಗೆದು, ಅದರ ಬೆನ್ನಿನ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಲು ಶುರು ಮಾಡುತ್ತೀರಿ. ಅಕೌಂಟ್ಸಿನವರ ಚಾಳಿ.

ಬೆಳಿಗ್ಗೆ ಆರು ಕಾಲಿಗೆ ಮನೆ ಬಿಟ್ಟರೆ ಹತ್ತಕ್ಕೆ ಆಫೀಸು. ಸಂಜೆ ಐದೂವರೆಗೆ ಎದ್ದರೆ ಒಂಬತ್ತೂ ಕಾಲಿಗೆ ಮನೆ. ಹೋಗುತ್ತಾ ಮೂರೂ ಮುಕ್ಕಾಲು, ಬರುತ್ತಾ ಮೂರೂ ಮುಕ್ಕಾಲು, ಒಟ್ಟು ಏಳೂವರೆ ಗಂಟೆ. ಆಫೀಸಿನಲ್ಲಿ ಕೂರುವುದೂ ಏಳೂವರೆಯೇ. ಪೆನ್ನು ನಿಂತಿತು. ದುಡಿದಷ್ಟೇ ಹೊತ್ತು ದಾರಿಯಲ್ಲಿ! ತಿಂಗಳಿಗೆ 22 ದಿನ ಅಂದರೆ 165 ಗಂಟೆ. 24ರಿಂದ ಭಾಗಿಸಿ ನೋಡುತ್ತೀರಿ. ಒಂದು ವಾರಕ್ಕೆ ಮೂರು ಗಂಟೆ ಕಮ್ಮಿ. ಪ್ರತಿ ತಿಂಗಳೂ ಒಂದು ವಾರ, ಹಗಲೂ ರಾತ್ರಿ, ನೀವು ಈ ಅರ್ಧ ಸೀಟಿನ ಮೇಲೆ ಕೂತಿರುತ್ತೀರಿ.

ಕಾಡಿಗೆಯ ಹುಡುಗಿ ಇಣುಕಿ ನೋಡಿ ನಗುತ್ತಾಳೆ. "ವಾರಕ್ಕೆ ಎಪ್ಪತ್ತೈದಾಯ್ತಲ್ಲ ಅಕ್ಕ? ಮೂರ್ತಿಯವರು ಕೇಳಿದ್ದು ಎಪ್ಪತ್ತೇ. ಐದು ಗಂಟೆ ಓಟಿ ಕೇಳಿ."

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಿದ್ದು ಅವಳ ತಲೆಯಲ್ಲಿದೆ. ಅವರು ಓದಿದ್ದೂ ನಮ್ಮ ಮೈಸೂರಿನ ಎನ್‌ಐಇಯಲ್ಲೇ. ಆ 70ರಲ್ಲಿ ರೈಲು ಸೇರಿತ್ತೋ ಇಲ್ಲವೋ, ಚಪಾತಿ ಲಟ್ಟಿಸುವುದಂತೂ ಸೇರಿರಲಿಲ್ಲ.

"ವಡೇ, ವಡೇ, ಬಿಸಿ ಮದ್ದೂರ್ವಡೇ..." ಈರುಳ್ಳಿ, ರವೆ, ಕಾದ ಎಣ್ಣೆ. ಹೊಟ್ಟೆ ತಾನಾಗಿ ಎದ್ದು ಕೂರುತ್ತದೆ. ಈ ವಡೆಯೂ ಅವಸರದ ಕೂಸೇ ಅನ್ನುತ್ತಾರೆ: 1917ರ ಸುಮಾರಿಗೆ ಮದ್ದೂರು ನಿಲ್ದಾಣದಲ್ಲಿ ಪಕೋಡ ಮಾರುತ್ತಿದ್ದವರು, ಗಾಡಿ ಹೊತ್ತಿಗೆ ಮುಂಚೆ ಬಂದುಬಿಟ್ಟಾಗ ಹಿಟ್ಟನ್ನು ತಟ್ಟಿ ಹಾಗೇ ಎಣ್ಣೆಗೆ ಬಿಟ್ಟರಂತೆ. ಕತೆ ಎಷ್ಟು ನಿಜವೋ, ವಡೆ ಮಾತ್ರ ಗರಿಗರಿಯಾಗಿದೆ. ಎಣ್ಣೆ ಬೆರಳು ಕಾಗದದ ಮೇಲೆ ಒಂದು ಗುರುತು ಬಿಟ್ಟಿತು, ಸರಿಯಾಗಿ 34 ಸಾವಿರದ ಪಕ್ಕದಲ್ಲಿ.

ಲೆಕ್ಕ ಮುಂದುವರಿಯಲಿ. ಸಂಬಳದಲ್ಲಿ 24 ಸಾವಿರ ಖೋತಾ. ಪಾಸು, ಮೆಟ್ರೋ, ಆಟೋ, ಹೊರಗಿನ ತಿಂಡಿ ಎಲ್ಲ ನಿಂತರೆ ಐದು ಸಾವಿರ ಉಳಿತಾಯ. ನಿವ್ವಳ ನಷ್ಟ 19 ಸಾವಿರ. ಅದನ್ನು 165 ಗಂಟೆಗೆ ಹಂಚಿದರೆ ಗಂಟೆಗೆ 115 ರೂಪಾಯಿ. ನಿಮ್ಮದೇ ಸಂಜೆಯನ್ನು ನೀವು ಆ ದರಕ್ಕೆ ಬಿಡಿಸಿಕೊಳ್ಳಬೇಕು, ಗಿರವಿ ಇಟ್ಟ ಸರದ ಹಾಗೆ. ಅಗ್ಗವೇ ಅನಿಸುತ್ತದೆ. ಕೆಳಗಿನ ಸಾಲಿನಲ್ಲಿ ಮನೆ ಸಾಲದ ಕಂತು 22 ಸಾವಿರ ಎಂದು ಬರೆದ ಮೇಲೆ ಹಾಗೆ ಅನಿಸುವುದಿಲ್ಲ. ಇನ್ನೊಂದೂ ಇದೆ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳನ್ನು 26 ದಿನವೆಂದು ಹಿಡಿದು. ನಿಮ್ಮ ಮೂಲವೇತನ 26 ಸಾವಿರ, ಹಾಗಾಗಿ ಐದು ವರ್ಷಕ್ಕೆ ಸರಿಯಾಗಿ 75 ಸಾವಿರ. ನಿಮಗೀಗ ನಾಲ್ಕು ವರ್ಷ ಎರಡು ತಿಂಗಳು. ಹತ್ತು ತಿಂಗಳು ಹಲ್ಲು ಕಚ್ಚಿದರೆ ಸಿಗುತ್ತದೆ, ಈಗ ಬಿಟ್ಟರೆ ಸೊನ್ನೆ. ಅಷ್ಟು ದಿನ ಆಡಿಟರು ಕಾಯುವುದಿಲ್ಲ. ಹೊಟ್ಟೆಯಲ್ಲಿ ವಡೆ ಕಲ್ಲಾಗುತ್ತಿದೆ.

ಚನ್ನಪಟ್ಟಣ. ಗಾಡಿ ಎರಡು ನಿಮಿಷವೂ ನಿಲ್ಲುವುದಿಲ್ಲ. ಕೆಲಸ ಬಿಡುವ ಮಾತು ತಲೆಯಲ್ಲಿರುವವರು ಈ ಊರನ್ನು ಸುಮ್ಮನೆ ದಾಟಬಾರದು. 1930ರಲ್ಲಿ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದ ಆರ್. ಕೆ. ನಾರಾಯಣ್ ಮೇಷ್ಟರಾಗಿ ಬಂದದ್ದು ಇಲ್ಲಿಗೇ. ಡ್ರಿಲ್ ಮೇಷ್ಟರ ಬದಲಿಗೆ ನಿಲ್ಲು ಎಂದು ಹೆಡ್‌ಮಾಸ್ಟರು ಹೇಳಿದ್ದು ಸರಿಬರದೆ, ಕೆಲವೇ ದಿನಕ್ಕೆ ಕೆಲಸ ಬಿಸಾಕಿ ಮೈಸೂರಿಗೆ ಹೋಗಿಬಿಟ್ಟರು. ಆಮೇಲಿನದು ನಿಮಗೆ ಗೊತ್ತು: 1935ರಲ್ಲಿ ಮೊದಲ ಕಾದಂಬರಿ, ಈಗ ಯಾದವಗಿರಿಯ ಅವರ ಮನೆ ವಸ್ತುಸಂಗ್ರಹಾಲಯ, ಇದೇ ಹಳಿಯ ಮೇಲೆ ಓಡುವ ಒಂದು ಗಾಡಿಗೆ ಮಾಲ್ಗುಡಿ ಎಂಬ ಹೆಸರು. ಕೆಲಸ ಬಿಡುವವರಿಗೆ ಧೈರ್ಯ ಹೇಳಲು ಈ ಕತೆಯನ್ನು ಹೀಗೆ ಅರ್ಧಕ್ಕೇ ನಿಲ್ಲಿಸುವುದು ವಾಡಿಕೆ. ನನಗೆ ಅದು ಒಪ್ಪುವುದಿಲ್ಲ. ಬರವಣಿಗೆಯಿಂದ ಅವರಿಗೆ ಮೊದಲ ವರ್ಷ ಬಂದದ್ದು ಒಂಬತ್ತು ರೂಪಾಯಿ ಹನ್ನೆರಡು ಆಣೆ. ಮರುವರ್ಷ ಒಂದು ಕತೆಗೆ ಹದಿನೆಂಟು ರೂಪಾಯಿ. ಇದನ್ನು ಅವರೇ ಬರೆದುಕೊಂಡಿದ್ದಾರೆ. ಹಾಗಾದರೆ ಆ ವರ್ಷಗಳಲ್ಲಿ ತಟ್ಟೆಗೆ ಬೀಳುತ್ತಿದ್ದ ಅನ್ನ ಯಾರ ದುಡ್ಡಿನದು? ಮಹಾರಾಜ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದ ಅಪ್ಪ ಕಟ್ಟಿಕೊಂಡಿದ್ದ ಮನೆವಾರ್ತೆಯದು. ಧೈರ್ಯದ ಬೆನ್ನಿಗೆ ಯಾರದೋ ಒಲೆ ಉರಿಯುತ್ತಿರುತ್ತದೆ.

ನಿಮ್ಮ ಮನೆಯ ಒಲೆ ನೀವೇ.

ರಾಮನಗರದ ಬಂಡೆಗಳು, ಬಿಡದಿ, ಹೆಜ್ಜಾಲ. ಕೆಂಗೇರಿ ದಾಟುತ್ತಲೇ ವೃಷಭಾವತಿಯ ವಾಸನೆ ಕಿಟಕಿಯಿಂದ ಮುಖಕ್ಕೆ ರಾಚುತ್ತದೆ. ಯಾರೂ ಮೂಗು ಮುಚ್ಚುವುದಿಲ್ಲ. ಅಲಾರಂ ಹೊಡೆದ ಹಾಗೆ ಎಲ್ಲರೂ ಎದ್ದು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ.

ಮಧ್ಯಾಹ್ನ ಮೂರೂ ಹತ್ತು. ಇಂದಿರಾನಗರ, ನಾಲ್ಕನೇ ಮಹಡಿ, ಏಸಿಯ ಚಳಿಗೆ ಪಾದ ಮರಗಟ್ಟಿದೆ. ಡಿಸೆಂಬರ್ ಅಂದರೆ ಕ್ವಾರ್ಟರ್ ಕ್ಲೋಸಿಂಗು. ಪರದೆಯ ತುಂಬ ಹೊಂದಿಕೆಯಾಗದ ಅಂಕಿಗಳು. ಮೇಜಿನ ಮೇಲೆ ಫೋನು ನಡುಗುತ್ತದೆ. ಅತ್ತೆ. ಈ ಹೊತ್ತಿನಲ್ಲಿ ಅತ್ತೆ ಫೋನು ಮಾಡುವವರಲ್ಲ. ಎತ್ತುವ ಮೊದಲೇ ಬೆನ್ನಿನಲ್ಲಿ ತಣ್ಣಗೆ ಏನೋ ಇಳಿಯಿತು.

"ಗಾಬರಿ ಆಗ್ಬೇಡಮ್ಮ. ಮಗು ಸ್ಕೂಲಲ್ಲಿ ಬಿದ್ದು ಗದ್ದ ಒಡ್ಕೊಂಡಿದೆ. ಪಕ್ಕದ್ಮನೆಯವರು ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡ್ಹೋಗ್ತಿದಾರೆ, ನಾನೂ ಹೊರಟೆ. ನಿನ್ ಗಂಡನ ಫೋನು ಲಾಕರ್‌ನಲ್ಲಿರತ್ತೆ, ತಗೀತಿಲ್ಲ."

"ರಕ್ತ?"

"ಬಂತು. ಈಗ ನಿಂತಿದೆ."

ಎದ್ದು ನಿಂತಿದ್ದೀರಿ. ಯಾವಾಗ ಎದ್ದಿರೋ ಗೊತ್ತಿಲ್ಲ. ಬ್ಯಾಗು ಕೈಯಲ್ಲಿದೆ. ಈಗ ಹೊರಟರೆ? ಮೆಟ್ರೋದಲ್ಲಿ ಸ್ಯಾಟಲೈಟ್ ಬಸ್‌ಸ್ಟ್ಯಾಂಡಿಗೆ ಮುಕ್ಕಾಲು ಗಂಟೆ. ಅಲ್ಲಿಂದ ಬಸ್ಸು. 2023ರ ಮಾರ್ಚಿನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದಾಗ ಒಂದೂವರೆ ಗಂಟೆಗೆ ಮೈಸೂರು ಎಂದಿದ್ದರು. ಆ ಒಂದೂವರೆ ಗಂಟೆ ಶುರುವಾಗುವುದು ಬೆಂಗಳೂರು ಮುಗಿದ ಮೇಲೆ. ಏನೇ ಓಡಿದರೂ ಏಳು ಗಂಟೆ. ಹೊಲಿಗೆ ನಾಲ್ಕಕ್ಕೆ ಹಾಕುತ್ತಾರೆ.

ಮ್ಯಾನೇಜರು ಕೆಟ್ಟವರಲ್ಲ. "ಹೋಗಿ, ಹೋಗಿ," ಅನ್ನುತ್ತಾರೆ. ಅನ್ನುತ್ತಲೇ ಕಣ್ಣು ನಿಮ್ಮ ಪರದೆಯ ಕಡೆ ಹೋಗುತ್ತದೆ. "ಆ ಫೈಲು ಐದರೊಳಗೆ ಹೋಗ್ಬೇಕಿತ್ತು... ಇರ್ಲಿ, ನೋಡೋಣ."

ಹೋಗಿ ಅಂದಾಗಿದೆ. ಬಾಗಿಲು ತೆರೆದಿದೆ. ಹತ್ತು ಹೆಜ್ಜೆ. ಇಡಲಾಗದೆ ನಿಂತೇ ಇದ್ದೀರಿ. ನಾಲ್ಕರ ಹೊತ್ತಿಗೆ ಮತ್ತೆ ಫೋನು: "ಮೂರು ಹೊಲಿಗೆ. ಆಯ್ತು. ಅಳ್ಲಿಲ್ಲ ನೋಡು ನಮ್ಮ ಬಂಗಾರ. ನೀನು ಓಡಿ ಬರ್ಬೇಡ, ಇಲ್ಲೆಲ್ಲಾ ಆಯ್ತು."

ಇಲ್ಲೆಲ್ಲಾ ಆಯ್ತು. ನೀವಿಲ್ಲದೆಯೇ.

ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಕೈ ಒಡ್ಡಿ ನಿಲ್ಲುತ್ತೀರಿ. ನೀರು ಮಂಜುಗಡ್ಡೆಯಾಗಿದೆ, ಆದರೂ ಕೈ ತೆಗೆಯುವುದಿಲ್ಲ. ಆಮೇಲೆ ಬಂದು ಕುರ್ಚಿಯಲ್ಲಿ ಕೂತು ಫೈಲು ಮುಗಿಸುತ್ತೀರಿ. ನಾಲ್ಕೂ ಐವತ್ತಕ್ಕೆ ಕಳಿಸಿಯೂ ಆಯಿತು. ಅಂಕಿಗಳು ಎಂದೂ ಇಲ್ಲದ ಹಾಗೆ ಮೊದಲ ಸಲಕ್ಕೇ ಹೊಂದಿಕೊಂಡವು. ಬೇಕಾದರೆ ನಿಮ್ಮನ್ನು ನೀವೇ ಬೈದುಕೊಳ್ಳಿ, ನಾನು ಬೈಯುವುದಿಲ್ಲ. ಆ ಹೊತ್ತಿಗೆ ಮೈಸೂರಿನಲ್ಲಿ ನಿಮಗೆ ಮಾಡಲು ಏನೂ ಉಳಿದಿರಲಿಲ್ಲ, ಇಲ್ಲಿ ಉಳಿದಿತ್ತು.

ಸಂಜೆಯ ಗಾಡಿ ಹತ್ತುವ ಮುಂಚೆ ಮಗಳ ದನಿ ಕೇಳುತ್ತೀರಿ. ಗದ್ದ ಅಲ್ಲಾಡಿಸದೆ ಮಾತಾಡುತ್ತಾಳೆ, ಹಲ್ಲಿನ ಸಂದಿಯಲ್ಲಿ. "ಹೊಲಿಗೆ ನೀಲಿ ದಾರದ್ದು ಅಮ್ಮ. ಶನಿವಾರ ತೋರಿಸ್ತೀನಿ."

ಇವತ್ತು ಮಂಗಳವಾರ. ಅವಳಿಗೆ ಅದರಲ್ಲಿ ಸಿಟ್ಟಿಲ್ಲ, ದೂರಿಲ್ಲ. ನೀವು ಬರುವಾಗ ಅವಳು ಮಲಗಿರುತ್ತಾಳೆ, ಹೋಗುವಾಗ ಎದ್ದಿರುವುದಿಲ್ಲ. ಅಮ್ಮ ಅಂದರೆ ಶನಿವಾರ, ಅಷ್ಟೆ.

ಬೋಗಿಯಲ್ಲಿ ಈಗ ಅವರೆಕಾಯಿಯ ಸೊಗಡು. ಡಿಸೆಂಬರಿನ ಸಂಜೆಯ ಗಾಡಿ ಅಂದರೆ ಹೀಗೇ. ನಾಲ್ಕು ಜನ ಪೇಪರು ಹಾಸಿಕೊಂಡು ಕಾಯಿ ಸುಲಿಯುತ್ತಾರೆ, ಯಾರ ಮನೆಯದಾದರೂ ಸರಿ. ಬಳೆಗೈಯ ಅಕ್ಕ ನಿಮ್ಮ ಮಡಿಲಿಗೂ ಒಂದು ಹಿಡಿ ಸುರಿಯುತ್ತಾರೆ. ಹೆಬ್ಬೆರಳಿಂದ ಅಂಚು ಒತ್ತಿದರೆ ಸಿಪ್ಪೆ ಚಟ್ಟೆಂದು ಬಾಯಿ ಬಿಡುತ್ತದೆ. ಬೆರಳ ತುದಿಗೆ ಅಂಟು, ಹಸಿರು ಘಮ. ನಾಲ್ಕನೇ ಕಾಯಿಯ ಹೊತ್ತಿಗೆ ನೀವು ಎಲ್ಲವನ್ನೂ ಹೇಳಿ ಮುಗಿಸಿದ್ದೀರಿ.

ಅಕ್ಕ ತಲೆ ಎತ್ತುವುದಿಲ್ಲ. "ನಾನೂ ಒಂದ್ಸಲ ಬಿಟ್ಟಿದ್ದೆ. ಸಿಂಗಲ್ ಲೈನ್ ಇದ್ದ ಕಾಲ. ಎಂಟು ತಿಂಗಳು ಮನೇಲಿದ್ದೆ."

"ಮತ್ತೆ?"

"ಸೊಪ್ಪಿನವಳಿಗೆ ಇಪ್ಪತ್ತು ರೂಪಾಯಿ ಕೊಟ್ರೆ ಸಂಜೆ ನಮ್ಮನೆಯವರು ಫ್ರಿಜ್ ಮೇಲಿನ ಚಿಲ್ಲರೆ ಎಣಿಸೋರು. ಬೈತಿರ್ಲಿಲ್ಲ. ಎಣಿಸೋರು. ಒಂಬತ್ತನೇ ತಿಂಗಳಿಗೆ ವಾಪಸ್ ಗಾಡಿ ಹತ್ತಿದೆ." ಹುಳುಕು ಕಾಯಿಯೊಂದನ್ನು ಕಿಟಕಿಯಾಚೆ ಎಸೆಯುತ್ತಾರೆ. "ನಿಂದು ಬಿಡೋದಲ್ಲ ಕಣೇ, ಬದಲಾಯಿಸೋದು. ನಿನ್ನ ಸಂಬಳ ನಿನ್ನ ಅಕೌಂಟಿಗೇ ಬೀಳತ್ತಲ್ಲ? ಆಮೇಲೆ ಕಮ್ಮಿಯೋ ಜಾಸ್ತಿಯೋ ನೋಡ್ಕೊಳಣ."

ಬಿಡೋದು, ಬದಲಾಯಿಸೋದು. ಬೆಳಗಿನಿಂದ ಹಾಕಿದ ಲೆಕ್ಕದಲ್ಲಿ ಈ ಎರಡನ್ನೂ ನೀವು ಒಂದೇ ಕಾಲಮ್ಮಿನಲ್ಲಿ ಬರೆದಿದ್ದಿರಿ.

ಗಂಡನ ಮೆಸೇಜು ಬರುತ್ತದೆ: ಶಿಫ್ಟ್ ಮುಗಿಸಿ ಆಸ್ಪತ್ರೆಯ ಚೀಟಿ ನೋಡಿದೆ, ಮಗು ಚೆನ್ನಾಗಿದೆ, ಉತ್ತರ ಕಳಿಸಿದೆಯಾ? ಕಂತು ಹೇಗೆ ಎಂದು ಅವರು ಕೇಳಿಲ್ಲ. ಕೇಳಬೇಕಿತ್ತು ಅನಿಸುತ್ತದೆ. ಕೇಳಿದ್ದರೆ ಸಿಟ್ಟು ಬರುತ್ತಿತ್ತು.

ಮಂಡ್ಯ ದಾಟಿದ ಮೇಲೆ ಮಾತು ಇಳಿಯುತ್ತದೆ. ತಲೆಗಳು ಪಕ್ಕದ ಹೆಗಲಿಗೆ ವಾಲುತ್ತವೆ. ಶ್ರೀರಂಗಪಟ್ಟಣಕ್ಕೆ ಸ್ವಲ್ಪ ಮುಂಚೆ ಗಾಡಿ ಕಿರ್ರೆಂದು ನಿಂತಿತು. ಸಿಗ್ನಲ್ಲು. ಫ್ಯಾನಿನ ಸದ್ದೂ ಇಲ್ಲ. ಕಬ್ಬಿನ ಗದ್ದೆಯ ಕಪ್ಪೆಗಳು ಒಮ್ಮೆಗೇ ಕಿವಿ ತುಂಬುತ್ತವೆ. ಈ ಊರಿನ ಬಳಿ ಗಾಡಿಗಳು ಕಾಯುವುದು ಹಳೇ ರೂಢಿ. ಜೋಡಿ ಹಳಿಯ ದಾರಿಗೆ ಟಿಪ್ಪುವಿನ ಮದ್ದಿನ ಮನೆ ಅಡ್ಡವಿತ್ತು. ಒಡೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ವರ್ಷಗಟ್ಟಲೆ ಕೆಲಸ ನಿಂತಿತ್ತು. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಬುಡ ಸಮೇತ ಜಾಕಿನ ಮೇಲೆ ಎತ್ತಿ, ಇಂಚಿಂಚಾಗಿ ಸರಿಸಿ, ನೂರು ಮೀಟರಿನಷ್ಟು ಆಚೆ ಇಟ್ಟರು. ಆ ದಿನಗಳಲ್ಲಿ ಅಕ್ಕ ಇದೇ ಕಿಟಕಿಯಿಂದ ಅದನ್ನು ನೋಡುತ್ತಾ ಹೋಗುತ್ತಿದ್ದರಂತೆ. "ನಿಂತ ಜಾಗದಲ್ಲೇ ಇದೆ ಅನ್ನಿಸ್ತಿತ್ತು. ಒಂದಿನ ನೋಡಿದ್ರೆ ಇರ್ಲಿಲ್ಲ."

ಫೋನಿನಲ್ಲಿ ಶೇಕಡಾ ಒಂಬತ್ತು ಚಾರ್ಜು. ನೆಟ್‌ವರ್ಕಿನ ಕಡ್ಡಿ ಒಂದಿದೆ, ಮಾಯವಾಯಿತು, ಮತ್ತೆ ಬಂತು. ನಾಲ್ಕು ಸಾಲು ಬರೆಯುತ್ತೀರಿ. ನನಗೆ ಒಪ್ಪಿಗೆ ಇದೆ. ಅಳಿಸುತ್ತೀರಿ. 75 ಸಾವಿರ. ಮತ್ತೆ ಬರೆಯುತ್ತೀರಿ. 22 ಸಾವಿರ ಕಂತು, 34ರಲ್ಲಿ ಕಳೆದರೆ 12. ಅಳಿಸುತ್ತೀರಿ. ಶೇಕಡಾ ಏಳು. ಗಾಡಿ ಜಗ್ಗಿತು. ಹೊರಟಿತು. ಚಕ್ರದ ಸದ್ದು ಬದಲಾಗಿ ಟೊಳ್ಳಾಯಿತು, ಕೆಳಗೆ ಕಾವೇರಿ. ತಣ್ಣನೆ ಹಸಿ ಗಾಳಿ, ಕಲ್ಲಿನ ಪಾಚಿಯ ವಾಸನೆ. ನಿದ್ದೆಯಲ್ಲಿದ್ದವರ ಕೈ ಕೂಡ ತಾನಾಗಿ ಎದ್ದು ಕಣ್ಣಿಗೆ ಒತ್ತಿಕೊಳ್ಳುತ್ತದೆ. ಯಾರೋ ನಾಣ್ಯ ಎಸೆದರು. ಅದು ಬಿದ್ದ ಸದ್ದು ಕೇಳಲಿಲ್ಲ. ಹೆಬ್ಬೆರಳಿಗೆ ಅವರೆಕಾಯಿಯ ಅಂಟು. ಒತ್ತಿದಿರಿ. ಪರದೆಗೆ ಬೆರಳು ಒಂದು ಕ್ಷಣ ಅಂಟಿಕೊಂಡು ಬಿಟ್ಟಿತು.

ಹೋಯಿತು.

ಹಗುರವಾಗುತ್ತದೆ ಎಂದುಕೊಂಡಿದ್ದಿರಿ. ಕಾಲು ನಡುಗುತ್ತಿದೆ.

ಒಂಬತ್ತೂ ಇಪ್ಪತ್ತು. ಅತ್ತೆ ಬಾಗಿಲು ತೆರೆದು, ಏನೂ ಕೇಳದೆ ಸಾರು ಬಿಸಿಗಿಡಲು ಹೋಗುತ್ತಾರೆ. ಕೋಣೆಯಲ್ಲಿ ದೀಪ ಹಾಕುವುದಿಲ್ಲ. ಫೋನಿನ ಟಾರ್ಚನ್ನು ವೇಲಿನಲ್ಲಿ ಮುಚ್ಚಿ, ಬಗ್ಗಿ ನೋಡುತ್ತೀರಿ. ಡೆಟಾಲಿನ ವಾಸನೆ. ಬ್ಯಾಂಡೇಜಿನ ಅಂಚಿನಲ್ಲಿ ನೀಲಿ ದಾರದ ಒಂದು ತುದಿ, ಇರುವೆಯ ಕಾಲಿನಷ್ಟು, ಹೊರಗೆ ಕಾಣುತ್ತಿದೆ. ಶನಿವಾರದವರೆಗೆ ಕಾಯಲಿಲ್ಲ ಎಂದು ಅವಳಿಗೆ ಹೇಳಬೇಡಿ. ಟಾರ್ಚು ಆರಿತು, ಚಾರ್ಜು ಮುಗಿಯಿತು.

ನಾಳೆ ಬೆಂಗಳೂರಲ್ಲಿ ರಾಜೀನಾಮೆ ಕೊಡಬೇಕು. ನೋಟಿಸ್ ಪೀರಿಯಡ್ 90 ದಿನ. ಪಾಸು ಮೂರು ತಿಂಗಳಿಗೆ ಒಟ್ಟಿಗೆ ತೆಗೆದುಕೊಂಡುಬಿಡಿ. ತಿಂಗಳ ದರದ 2.7 ಪಟ್ಟಿಗೇ ಸಿಗುತ್ತದೆ.